‘ನಿಮ್ಮ ಕೈಗೆ ನೆಟ್ ಎಷ್ಟು ಬೇಕು ಹೇಳಿ’ ಎನ್ನುವ ಬ್ರೋಕರಿಗೆ ಮನೆ ಮಾರಲು ಕೊಡಬಹುದಾ?

ಪ್ರಶ್ನೆ: ಬೆಂಗಳೂರಿನ ಬಸವೇಶ್ವರನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಇದೆ, 30×40 ಸೈಟು. ಅಪ್ಪ ಈಗಿಲ್ಲ. ಅಮ್ಮ, ನಾನು, ಅಮೆರಿಕದಲ್ಲಿರುವ ಅಕ್ಕ ಸೇರಿ ಮಾರಬೇಕೆಂದಿದ್ದೇವೆ. ಏರಿಯಾದ ಬ್ರೋಕರ್ ಒಬ್ಬರು, “ಕಮಿಷನ್ ಏನೂ ಬೇಡ. ನಿಮ್ಮ ಕೈಗೆ ನೆಟ್ ಎಷ್ಟು ಬರಬೇಕು ಹೇಳಿ, ಅದರ ಮೇಲೆ ಬಂದದ್ದು ನಮಗಿರಲಿ” ಎನ್ನುತ್ತಿದ್ದಾರೆ. ಒಪ್ಪಬಹುದಾ?

ಉತ್ತರ: ಬೇಡ. ಕಮಿಷನ್ ಕೊಟ್ಟೇ ಮಾರಿ.

ಇದೇ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕಮಿಷನ್ ಉಳಿಯುತ್ತದಲ್ಲಾ ಎಂಬ ಆಸೆ ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಬೆಲೆ ನಿಲ್ಲುವುದು ಹೆಚ್ಚಾಗಿ ಸೈಟಿನ ಚದರಡಿ ಮೇಲೆ. ಹಳೆ ಕಟ್ಟಡಕ್ಕೆ ಕೊಳ್ಳುವವರು ಜಾಸ್ತಿ ಕೊಡುವುದಿಲ್ಲ, ಎಷ್ಟೋ ಜನ ಒಡೆದು ಹೊಸದು ಕಟ್ಟುವ ಯೋಚನೆಯಲ್ಲೇ ಬರುತ್ತಾರೆ. ನಿಮ್ಮದು 1,200 ಚದರಡಿ. ಉದಾಹರಣೆಗೆ ಚದರಡಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ, 1.80 ಕೋಟಿ ಆಯಿತು. ಬೆಂಗಳೂರಿನಲ್ಲಿ ರೂಢಿಯಲ್ಲಿರುವ ಕಮಿಷನ್ ಶೇ. 1ರಿಂದ 2. ಅಂದರೆ 1.80 ಲಕ್ಷದಿಂದ 3.60 ಲಕ್ಷ. ಅದೇ ನೀವು ನೆಟ್ ಹೇಳುವಾಗ ಚದರಡಿಗೆ ಬರೀ 1,000 ರೂಪಾಯಿ ಕಡಿಮೆ ಅಂದಾಜು ಮಾಡಿದರೂ 12 ಲಕ್ಷ ಕೈಬಿಟ್ಟಂತೆ. ವರ್ಷಗಟ್ಟಲೆ ಆ ಏರಿಯಾದಲ್ಲೇ ಓಡಾಡುವ ಬ್ರೋಕರಿಗೆ ಇವತ್ತಿನ ರೇಟು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ದುಡ್ಡಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ನೆಟ್ ಒಪ್ಪಿದ ದಿನದಿಂದ ಕೊಳ್ಳುವವರನ್ನು ನಿಮ್ಮಿಂದ ದೂರ ಇಡುವುದೇ ಬ್ರೋಕರಿಗೆ ಲಾಭ. ಇಬ್ಬರೂ ಎದುರು ಕೂತರೆ ನಿಜವಾದ ರೇಟು ಗೊತ್ತಾಗಿಬಿಡುತ್ತದೆ. ಹಾಗಾಗಿ ಮುಂದಿನ ಮಾತು ಹೆಚ್ಚಾಗಿ ಹೀಗೆ ಬರುತ್ತದೆ: “ಸ್ವಲ್ಪ ಅಡ್ವಾನ್ಸ್ ಕೊಡ್ತೀವಿ, ನಮ್ಮ ಹೆಸರಿಗೆ ಒಂದು ಅಗ್ರಿಮೆಂಟ್ ಹಾಕಿಕೊಡಿ.” ಇಲ್ಲಿ ದಯವಿಟ್ಟು ನಿಂತು ಯೋಚಿಸಿ. ಕ್ರಯದ ಕರಾರು ನೋಂದಣಿ ಆದರೆ ಅದು ಇಸಿಯಲ್ಲಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ಕಾಣಿಸುತ್ತದೆ. ರದ್ದು ಮಾಡಲು ಅವರ ಸಹಿಯೂ ಬೇಕು, ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. ಅಷ್ಟು ದಿನ ಬೇರೆಯವರು ನಿಮ್ಮ ಮನೆಯನ್ನು ಮುಟ್ಟುವುದಿಲ್ಲ. ಬ್ರೋಕರ್ ಹೆಸರಿಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ, ಕೊಡುವುದಂತೂ ಇನ್ನೂ ಅಪಾಯ.

ತೆರಿಗೆಯಲ್ಲೂ ಪೆಟ್ಟು ಬೀಳುತ್ತದೆ. ಕ್ರಯಪತ್ರದಲ್ಲಿ ಪೂರ್ತಿ ಬೆಲೆ ಬರೆದರೆ ಅಷ್ಟೂ ನಿಮಗೆ ಬಂದ ಹಣವೇ, ಬ್ರೋಕರ್ ಇಟ್ಟುಕೊಂಡದ್ದೂ ಸೇರಿ. ನೆಟ್ ಮೊತ್ತ ಮಾತ್ರ ಬರೆದರೆ ಉಳಿದದ್ದು ನಗದಾಗಿ ಕೈ ಬದಲಾಗಿದೆ ಎಂದೇ ಅರ್ಥ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ನೇರವಾಗಿ ಕಮಿಷನ್ ಕೊಟ್ಟಾಗ ಈ ಗೋಜಲೇ ಇಲ್ಲ. ಬ್ಯಾಂಕ್ ಮೂಲಕ ಕೊಟ್ಟು ಬಿಲ್ ಇಟ್ಟುಕೊಳ್ಳಿ. ಮಾರಾಟದ ಲಾಭ ಲೆಕ್ಕ ಹಾಕುವಾಗ ಅದನ್ನು ಖರ್ಚೆಂದು ಕಳೆಯಬಹುದು.

ಹಾಗಾದರೆ ಆ ಬ್ರೋಕರ್ ಬೇಡವೇ? ಹಾಗೇನಿಲ್ಲ. ಶೇಕಡಾ ಲೆಕ್ಕಕ್ಕೆ ಒಪ್ಪಿದರೆ ಅವರಿಗೇ ಕೊಡಿ. ಒಳ್ಳೆಯ ಬ್ರೋಕರ್ ಸುಮ್ನೆ ನೋಡಲು ಬರುವವರನ್ನು ಆಚೆಯೇ ತಡೆಯುತ್ತಾರೆ, ಕೊಳ್ಳುವವರ ಬ್ಯಾಂಕ್ ಸಾಲದ ಹಿಂದೆ ಓಡಾಡುತ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ಮುಗಿಯುವವರೆಗೂ ಜೊತೆಗಿರುತ್ತಾರೆ. ಆ ದುಡಿಮೆಗೆ ತಕ್ಕ ಹಣ ಸಿಗಲೇಬೇಕು. ಎಷ್ಟು ಪರ್ಸೆಂಟ್, ಯಾವಾಗ ಕೊಡುವುದು, ಎಷ್ಟು ತಿಂಗಳು ಕಾಯುವುದು, ಎಲ್ಲ ಮೊದಲೇ ಬರೆದುಕೊಳ್ಳಿ. ವಾಟ್ಸಾಪಿನಲ್ಲಾದರೂ ಬರಹದಲ್ಲಿರಲಿ. ಕಮಿಷನ್ನಿನ ಪೂರ್ತಿ ಹಣ ನೋಂದಣಿಯ ದಿನವೇ ಕೊಡುವುದು ಒಳ್ಳೆಯದು. ಕೊಳ್ಳುವವರು ನಿಮ್ಮೆದುರೇ ಕೂತು ಬೆಲೆ ಮಾತಾಡಬೇಕು ಎಂಬುದೂ ಅದರಲ್ಲಿರಲಿ. ಹತ್ತು ಜನ ಬ್ರೋಕರುಗಳಿಗೆ ಹೇಳಬೇಡಿ, ಒಂದೇ ಮನೆ ಹತ್ತು ರೇಟಿಗೆ ಓಡಾಡಿದರೆ ಕೊಳ್ಳುವವರಿಗೆ ಅನುಮಾನ ಬರುತ್ತದೆ. ಇಬ್ಬರು ಮೂವರು ಸಾಕು, ಎಲ್ಲರಿಗೂ ಒಂದೇ ಬೆಲೆ ಹೇಳಿ.

ಬೆಲೆ ಗೊತ್ತುಮಾಡಿಕೊಳ್ಳಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಿಮ್ಮ ರಸ್ತೆಯ ಮಾರ್ಗಸೂಚಿ ದರ (ಸರ್ಕಾರ ನಿಗದಿ ಮಾಡಿದ ಕನಿಷ್ಠ ದರ) ನೋಡಿ. ಮಾರುಕಟ್ಟೆ ದರ ಸಾಮಾನ್ಯವಾಗಿ ಅದಕ್ಕಿಂತ ಮೇಲಿರುತ್ತದೆ. ಆಮೇಲೆ ಅಕ್ಕಪಕ್ಕದ ರಸ್ತೆಯಲ್ಲಿ ಇತ್ತೀಚೆಗೆ ಮಾರಿದವರನ್ನೇ ಕೇಳಿ. ರಸ್ತೆಯ ಅಗಲ, ಮೂಲೆ ಸೈಟೇ, ಯಾವ ದಿಕ್ಕಿಗೆ ಬಾಗಿಲು, ಇವುಗಳಿಂದ ಒಂದೇ ಬಡಾವಣೆಯಲ್ಲೂ ರೇಟು ಬದಲಾಗುತ್ತದೆ.

ಬ್ರೋಕರಿಗೆ ಹೇಳುವ ಮೊದಲು ಕಾಗದ ಸರಿಮಾಡಿಕೊಳ್ಳಿ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ (ಪಾಲಿಕೆಯ ಆನ್‌ಲೈನ್ ಖಾತೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಖಾತೆ ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ನಿಮ್ಮ ಮೂವರ ಹೆಸರಿಗೆ ಮಾಡಿಸಿ. ಕ್ರಯಪತ್ರ, ತಾಯಿ ಪತ್ರ (ಆಸ್ತಿ ಹಿಂದೆ ಯಾರಿಂದ ಯಾರಿಗೆ ಬಂತೆಂದು ತೋರಿಸುವ ಹಳೆಯ ಪತ್ರ), ಇಸಿ, ತೆರಿಗೆ ರಸೀದಿ, ಮಂಜೂರಾದ ನಕ್ಷೆ ಒಂದೆಡೆ ಇರಲಿ. ಬ್ರೋಕರಿಗೆ ಜೆರಾಕ್ಸ್ ಮಾತ್ರ ಕೊಡಿ. ಮೂಲ ಪತ್ರಗಳನ್ನು ಕೊಳ್ಳುವವರ ವಕೀಲರು ನಿಮ್ಮ ಮನೆಗೇ ಬಂದು ನೋಡಲಿ.

ಅಕ್ಕನ ಪಾಲಿನ ವಿಷಯವನ್ನು ಇವತ್ತೇ ಶುರುಮಾಡಿ, ಮಾರಾಟ ತಡವಾಗುವುದು ಹೆಚ್ಚಾಗಿ ಇಲ್ಲಿಯೇ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಆಸ್ತಿಯಾದರೆ ಕೊಳ್ಳುವವರು ಇಲ್ಲಿರುವವರ ಪಾಲಿಗೆ ಶೇ. 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅನಿವಾಸಿಯ ಪಾಲಿಗೆ ಹಿಡಿಯುವುದು ತುಂಬಾ ಜಾಸ್ತಿ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಅದಕ್ಕೆ ಸಮಯ ಬೇಕು. ಒಳ್ಳೆಯ ಲೆಕ್ಕಪರಿಶೋಧಕರನ್ನು ಈಗಲೇ ಹಿಡಿಯಿರಿ. ಅಕ್ಕನಿಗೆ ಬರಲು ಆಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ಮಾಡಿ ಅಧಿಕಾರಪತ್ರ ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರಪತ್ರ ನಿಮ್ಮ ಹೆಸರಿಗೋ ಅಮ್ಮನ ಹೆಸರಿಗೋ ಇರಲಿ.