ಕೈ ಅಲ್ಲಾಡಿದ ವಿಡಿಯೋಗೂ ಒಂದು ರೇಟ್

ಬಸವನಗುಡಿ ಕಡೆಯ ಯಾವುದೋ ದರ್ಶಿನಿಯ ರೀಲ್ ಅಂದುಕೊಳ್ಳಿ. ಕಾವಲಿ ಮೇಲೆ ದೋಸೆ, ದೋಸೆ ಮೇಲೆ ಬೆಣ್ಣೆ, ಹಿಂದೆ ತಟ್ಟೆ-ಲೋಟದ ಸದ್ದು. ಫೋಕಸ್ ಒಮ್ಮೆ ಹೋಗಿ ಬರುತ್ತದೆ. 'ಗುರೂ, ಸಖತ್ತಾಗಿದೆ' ಅನ್ನುವಾಗ ಬಾಯಿ ತುಂಬಾ ದೋಸೆ. ಯಾರೋ ಗಿರಾಕಿ ಸುಮ್ನೆ ಹಾಕಿದ್ದು ಅನಿಸುತ್ತದೆ, ಅಲ್ವಾ? ಇಂಥವುಗಳಲ್ಲಿ ಕೆಲವನ್ನು ದುಡ್ಡು ಕೊಟ್ಟು ಮಾಡಿಸಿರುತ್ತಾರೆ.

2010ರ ಅಕ್ಟೋಬರ್‌ನಲ್ಲಿ ಇನ್‌ಸ್ಟಾಗ್ರಾಂ ಬಂದಾಗ ಜನರನ್ನು ಸೆಳೆದದ್ದೇ ಅದರ ಫಿಲ್ಟರ್. ಬ್ರ್ಯಾಂಡ್‌ಗಳೂ ಬಂದವು, ಎಲ್ಲವೂ ಪಳಪಳ ಹೊಳೆಯತೊಡಗಿತು. ಹೊಳಪು ಬೇಡ ಅನ್ನುವುದನ್ನೇ ಮಾರಬಹುದು ಎಂದು ಡವ್ 2004ರಲ್ಲೇ ಕಂಡುಕೊಂಡಿತ್ತು. ರೂಪದರ್ಶಿಗಳ ಬದಲು ಸಾಮಾನ್ಯ ಹೆಂಗಸರ ಫೋಟೋ ಹಾಕಿತು. ಅದರ ಒಡೆಯ ಯೂನಿಲಿವರ್ ಇಲ್ಲಿ ಫೇರ್ ಅಂಡ್ ಲವ್ಲಿ ಮಾರುತ್ತಲೇ ಇತ್ತು, ಆ ಮಾತು ಬೇರೆ. 2014ರಲ್ಲಿ ಅಮೆರಿಕದ ಏರಿ ಎಂಬ ಒಳಉಡುಪಿನ ಬ್ರ್ಯಾಂಡ್ ಫೋಟೋ ತಿದ್ದುವುದನ್ನೇ ಬಿಟ್ಟಿತು.

ಆಮೇಲೆ ಬಂತು ಫ್ರಾನ್ಸ್‌ನ ಫೋಟೋ ಆ್ಯಪ್ ಬಿರಿಯಲ್. ದಿನಕ್ಕೊಂದು ಸಲ, ಯಾವಾಗಲೋ ಫೋನ್ ಟಿಂಗ್ ಅನ್ನುತ್ತದೆ. ಎರಡು ನಿಮಿಷದೊಳಗೆ, ಮುಂದಿನ ಹಿಂದಿನ ಎರಡೂ ಕ್ಯಾಮೆರಾದಲ್ಲಿ, ಫಿಲ್ಟರ್ ಇಲ್ಲದೆ ಫೋಟೋ. 2022ರಲ್ಲಿ ಅದರ ಹುಚ್ಚು ಏರಿದ ಕೂಡಲೇ ಚಿಪೋಟ್ಲೆ ಹೋಟೆಲ್ ಸರಣಿ ಅಲ್ಲೂ ನುಗ್ಗಿ, ಪುಕ್ಕಟೆ ಊಟದ ಕೋಡ್ ಹಾಕಿತು.

ನಮ್ಮಲ್ಲಿ ದಾರಿ ಬೇರೆ. 2020ರ ಜೂನ್ 29ರಂದು ಟಿಕ್‌ಟಾಕ್ ಬಂದ್ ಆಯಿತು. ಲೈಟು, ಮೇಕಪ್ ಯಾವುದೂ ಇಲ್ಲದೆ ಹಳ್ಳಿಯವರೂ ನಗಿಸಿದ ಜಾಗ ಅದು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು, ಮನೆಯಲ್ಲೇ ಫೋನಿನಲ್ಲಿ ತೆಗೆದ ಜಾಹೀರಾತೂ ನಡೆಯುತ್ತದೆ ಅನ್ನುವುದು ಕಂಪನಿಗಳಿಗೆ ಗೊತ್ತಾಯಿತು. ಖರ್ಚೂ ಕಡಿಮೆ. ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್‌ನ ಸ್ಟಾರ್ಟಪ್‌ಗಳಿಗೆ ಇನ್ನೇನು ಬೇಕು? ಒಂದೇ ಶಾಂಪೂಗೆ ಹತ್ತಾರು ವಿಡಿಯೋ ಬಿಟ್ಟು, ಕ್ಲಿಕ್ ಜಾಸ್ತಿ ಬಂದದ್ದಕ್ಕೆ ಮಾತ್ರ ದುಡ್ಡು ಸುರಿಯಬಹುದು. ನೀಟಾಗಿದ್ದರೆ ನೋಡುವವರಿಗೆ ಜಾಹೀರಾತು ಎಂದು ತಕ್ಷಣ ಗೊತ್ತಾಗುತ್ತದೆ, ಬೆರಳು ಮುಂದಕ್ಕೆ ತಳ್ಳುತ್ತದೆ.

ಈ ಧಂದೆಗೆ ಯುಜಿಸಿ ಅನ್ನುತ್ತಾರೆ, ಅಂದರೆ ಯೂಸರ್ ಜನರೇಟೆಡ್ ಕಂಟೆಂಟ್, ಬಳಕೆದಾರರೇ ಮಾಡಿದ ವಿಡಿಯೋ; ವಿಶ್ವವಿದ್ಯಾಲಯಗಳ ಯುಜಿಸಿ ಅಲ್ಲ. ಮಾಡುವವರಿಗೆ ಫಾಲೋವರ್ಸ್ ಕೂಡ ಬೇಕಿಲ್ಲ. ಬ್ರ್ಯಾಂಡ್ ವಿಡಿಯೋ ಕೊಂಡು ತನ್ನ ಪೇಜ್‌ನಲ್ಲೇ ಹಾಕಿಕೊಳ್ಳುತ್ತದೆ. ಬ್ರ್ಯಾಂಡ್ ಕೊಡುವ ಸೂಚನೆ, ಅಂದರೆ ಬ್ರೀಫ್, ಹೀಗಿರುತ್ತದೆ: ಟ್ರೈಪಾಡ್ ಬೇಡ, ಅಡುಗೆಮನೆ ಕಟ್ಟೆ ಮೇಲೇ ಪ್ಯಾಕೆಟ್ ಬಿಚ್ಚಿ, ಮೊದಲೇ ಬ್ರ್ಯಾಂಡ್ ಹೆಸರು ಎತ್ತಬೇಡಿ. ಸಹಜವಾಗಿ ಕಾಣುವ ತನಕ ರೀಟೇಕ್!

ಒರಟು ವಿಡಿಯೋ ಮಾಡಿಸುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ದುಡ್ಡು ಕೊಟ್ಟದ್ದನ್ನು ಮುಚ್ಚಿಡುವುದೇ ತಕರಾರು. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ ಎಎಸ್‌ಸಿಐ ಇದಕ್ಕೆಂದೇ ಮಾಡಿದ ನಿಯಮ 2021ರ ಜೂನ್ 14ರಿಂದ ಜಾರಿಯಲ್ಲಿದೆ. 15 ಸೆಕೆಂಡಿನ ವಿಡಿಯೋ ಆದರೂ ಜಾಹೀರಾತು ಎಂಬ ಲೇಬಲ್ ಕನಿಷ್ಠ 3 ಸೆಕೆಂಡ್ ಕಾಣಬೇಕು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಇಂಥದೇ ಸೂಚನೆ ಹೊರಡಿಸಿತು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕಿದೆ.

ಕೈಗೆ ದುಡ್ಡು ಬಂದಿರಬೇಕು ಅಂತೇನೂ ಇಲ್ಲ. ಪುಕ್ಕಟೆ ಸಾಮಾನು, ರೂಮು, ಊಟ ಪಡೆದು ಹೊಗಳಿದರೂ ಹೇಳಲೇಬೇಕು. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ, 'ಮೋರ್' ಒತ್ತಿದರೆ ಮಾತ್ರ ಕಾಣುವ ಹಾಗೆ ತುರುಕಿದರೆ ಅದು ಲೆಕ್ಕಕ್ಕಿಲ್ಲ.