ಮಿಡಿ ಕೇಬಲ್ ಹಾಕಿದ್ರೂ ಸೌಂಡ್ ಯಾಕೆ ಬರ್ತಿಲ್ಲ?

ಪ್ರಶ್ನೆ: ಕೀಬೋರ್ಡ್‌ನಿಂದ ಸೌಂಡ್ ಮಾಡ್ಯೂಲ್‌ಗೆ (ಕೀ ಇಲ್ಲದೆ ಸೌಂಡ್ ಮಾತ್ರ ಹುಟ್ಟಿಸೋ ಪೆಟ್ಟಿಗೆ) ಮಿಡಿ ಕೇಬಲ್ ಹಾಕಿದೀನಿ, ಎರಡೂ ಆನ್ ಇದೆ, ಆದ್ರೆ ಮಾಡ್ಯೂಲ್‌ನಿಂದ ಒಂದು ಸ್ವರಾನೂ ಕೇಳಿಸ್ತಿಲ್ಲ. ಕೇಬಲ್ ಹಾಳಾಗಿದ್ಯಾ?

ಉತ್ತರ: ಕೇಬಲ್ ಮೇಲೆ ಆಮೇಲೆ ಅನುಮಾನ ಪಡೋಣ. ಮೊದಲು ಒಂದು ವಿಷ್ಯ ಗೊತ್ತಿರ್ಲಿ, ಮಿಡಿ ಅಂದ್ರೆ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸೂಚನೆ ಕಳಿಸೋ ಭಾಷೆ, ಅದರ ಕೇಬಲ್‌ನಲ್ಲಿ ಸೌಂಡ್ ಹೋಗೋದೇ ಇಲ್ಲ. ನೀವು ಮಧ್ಯದ ಸಿ ಒತ್ತಿದ್ರೆ ಆ ಕಡೆಗೆ ಹೋಗೋದು ಯಾವ ಚಾನೆಲ್ (ಟಿವಿ ಚಾನೆಲ್ ಥರ, ಮೆಸೇಜ್ ಯಾರಿಗೆ ಅಂತ ಹೇಳೋ ನಂಬರ್), ಯಾವ ಕೀ (ಅದಕ್ಕೆ 60 ಅಂತ ನಂಬರ್), ಎಷ್ಟು ಜೋರಾಗಿ ಒತ್ತಿದ್ರಿ (1ರಿಂದ 127ರ ಒಳಗೆ ಒಂದು ನಂಬರ್), ಇಷ್ಟೇ. ಬೆರಳು ಎತ್ತಿದಾಗ ನಿಲ್ಸು ಅಂತ ಇನ್ನೊಂದು ಮೆಸೇಜ್. ಅದನ್ನ ಓದ್ಕೊಂಡು ನಿಜವಾಗ್ಲೂ ಸೌಂಡ್ ಹುಟ್ಟಿಸೋದು ಮಾಡ್ಯೂಲ್, ಆದ್ರಿಂದ ಅದರ ಆಡಿಯೋ ಔಟ್‌ನಿಂದ ಮಿಕ್ಸರ್‌ಗೋ ಸ್ಪೀಕರ್‌ಗೋ ಬೇರೆ ಕೇಬಲ್ ಬೇಕೇ ಬೇಕು. ಮಾಡ್ಯೂಲ್‌ಗೇ ಹೆಡ್‌ಫೋನ್ ಹಾಕಿ ಕೇಳಿ, ಅರ್ಧ ಜನರ ಸಮಸ್ಯೆ ಅಲ್ಲೇ ಮುಗಿಯತ್ತೆ ಅನ್ಸತ್ತೆ ನಂಗೆ.

ಆಮೇಲೆ ದಿಕ್ಕು ನೋಡಿ. ಇನ್, ಔಟ್, ಥ್ರೂ ಮೂರೂ ನೋಡೋಕೆ ಒಂದೇ ಥರ 5 ಪಿನ್ ಸಾಕೆಟ್, ಆದ್ರೆ ಕೀಬೋರ್ಡ್‌ನ ಔಟ್ ಮಾಡ್ಯೂಲ್‌ನ ಇನ್‌ಗೇ ಹೋಗ್ಬೇಕು. ಥ್ರೂ ಅನ್ನೋದು ಇನ್‌ಗೆ ಬಂದಿದ್ದನ್ನ ಹಾಗೇ ಮುಂದಿನ ಮಷೀನ್‌ಗೆ ದಾಟಿಸೋಕೆ, ನೀವು ನುಡಿಸಿದ್ದು ಅಲ್ಲಿಂದ ಬರಲ್ಲ.

ಇದೆಲ್ಲಾ ಸರಿ ಇದ್ರೂ ಸೌಂಡ್ ಇಲ್ವಾ? ಹಾಗಾದ್ರೆ ಬಹುಶಃ ಚಾನೆಲ್. ಒಂದು ಕೇಬಲ್‌ನಲ್ಲಿ 16 ಚಾನೆಲ್ ಇರುತ್ತೆ, ಕೀಬೋರ್ಡ್ 1ರಲ್ಲಿ ಕಳಿಸ್ತಾ ಇದ್ದು ಮಾಡ್ಯೂಲ್ 3ಕ್ಕೆ ಮಾತ್ರ ಕಿವಿ ಕೊಟ್ಟು ಕೂತಿದ್ರೆ ಬಂದಿದ್ದೆಲ್ಲಾ ಅದು ಕಣ್ಣೆತ್ತಿಯೂ ನೋಡಲ್ಲ. ತುಂಬಾ ಮಾಡ್ಯೂಲ್‌ಗಳಲ್ಲಿ ಮಿಡಿ ಅಂತ ಚಿಕ್ಕ ಲೈಟ್ ಇರುತ್ತೆ, ಕೀ ಒತ್ತಿದಾಗೆಲ್ಲಾ ಅದು ಮಿನುಗಿದ್ರೆ ಕೇಬಲ್ ಚೆನ್ನಾಗೇ ಇದೆ, ಸೆಟ್ಟಿಂಗ್ ಹುಡುಕಿ. ಮೊದಲು ಟೆಸ್ಟ್ ಮಾಡೋವಾಗ ಮಾಡ್ಯೂಲ್‌ನ ಓಮ್ನಿ ಮೋಡ್‌ಗೆ ಹಾಕ್ಬಿಡಿ, ಆಗ ಎಲ್ಲಾ ಚಾನೆಲ್ಲೂ ಕೇಳಿಸ್ಕೊಳ್ಳತ್ತೆ.

ಮಷೀನ್ ಹಳೇದು ಅನ್ನೋ ಕಾರಣಕ್ಕೆ ಮಾತ್ರ ಹೆದರ್ಬೇಡಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಶೋ ಅನ್ನೋ ಸಂಗೀತ ವಾದ್ಯಗಳ ಪ್ರದರ್ಶನದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6, ಅಂದ್ರೆ ಪೈಪೋಟಿಗೆ ಇದ್ದ ಎರಡು ಕಂಪನಿಗಳ ಸಿಂಥ್‌ಗಳನ್ನ (ಎಲೆಕ್ಟ್ರಾನಿಕ್ ಆಗಿ ಸೌಂಡ್ ಹುಟ್ಟಿಸೋ ಕೀಬೋರ್ಡ್), ಇದೇ ಥರ ಕೇಬಲ್‌ನಲ್ಲಿ ಜೋಡಿಸಿ ತೋರಿಸಿದ್ರು. ಆ ಕಾಲದ ಮಿಡಿ ಕೀಬೋರ್ಡ್ ಇವತ್ತಿನ ಮಾಡ್ಯೂಲ್ ಜೊತೆಗೂ ಮಾತಾಡತ್ತೆ, ಎಲೆಕ್ಟ್ರಾನಿಕ್ಸ್‌ನಲ್ಲಿ ಇಷ್ಟು ಬಾಳಿಕೆ ಬಂದಿರೋದು ತೀರಾ ಅಪರೂಪ, ಅದಕ್ಕೇ ಹಳೇದನ್ನ ಬಿಸಾಕ್ಬೇಡಿ ಅಂತೀನಿ.

ಕೀಬೋರ್ಡ್‌ನಲ್ಲಿ ಬರೀ ಯುಎಸ್‌ಬಿ ಇದ್ರೆ ಕಥೆ ಬೇರೆ. ಹಿಂದೆ ಇರೋ ಚೌಕದ ಥರದ ಪೋರ್ಟ್ ಕಂಪ್ಯೂಟರ್‌ಗೆ ಅಂತ ಮಾಡಿರೋದು, ಅಂಥ ಎರಡು ಮಷೀನ್‌ನ ನೇರವಾಗಿ ಜೋಡಿಸಿದ್ರೆ ಏನೂ ಆಗಲ್ಲ, ಮಧ್ಯೆ ಕಂಪ್ಯೂಟರ್ ಇಲ್ಲಾ ಯುಎಸ್‌ಬಿ ಮಿಡಿ ಹೋಸ್ಟ್ (ಕಂಪ್ಯೂಟರ್ ಬದಲು ಮಧ್ಯೆ ಕೂತು ಮಷೀನ್‌ಗಳನ್ನ ಜೋಡಿಸೋ ಪೆಟ್ಟಿಗೆ) ಬೇಕು. ಕಂಪ್ಯೂಟರ್ ಸೇರಿಸಿದ್ಮೇಲೆ ಪ್ರತಿ ಸ್ವರ ಎರಡೆರಡು ಸಲ ಕೇಳಿಸಿದ್ರೆ ಕೀಬೋರ್ಡ್‌ನ ಮೆನುನಲ್ಲಿ ಲೋಕಲ್ ಕಂಟ್ರೋಲ್ (ಕೀ ಒತ್ತಿದ ಕೂಡ್ಲೇ ಕೀಬೋರ್ಡ್ ತಾನೇ ಸೌಂಡ್ ಮಾಡೋ ಸೆಟ್ಟಿಂಗ್) ಆಫ್ ಮಾಡಿ.