ಪ್ರಾಜೆಕ್ಟಿನಲ್ಲಿ ದುಡಿದ ವರ್ಷಗಳು ಅನುಭವದ ಲೆಕ್ಕಕ್ಕೆ ಬರುತ್ತವೆಯೇ?

ಪ್ರಶ್ನೆ: ಧಾರವಾಡದಲ್ಲಿ ಸಂಶೋಧನಾ ಯೋಜನೆಯೊಂದರಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಡುವೆ ಪಿಎಚ್‌.ಡಿ. ಮುಗಿಯಿತು, ಈಗ ರಿಸರ್ಚ್ ಅಸೋಸಿಯೇಟ್ ಆಗಿದ್ದೇನೆ. ಬರುವ ಮಾರ್ಚ್‌ಗೆ ಯೋಜನೆಯೂ ಮುಗಿಯುತ್ತದೆ, ಹುದ್ದೆಯೂ ಮುಗಿಯುತ್ತದೆ. ಈ ನಾಲ್ಕು ವರ್ಷಗಳನ್ನು ನೇಮಕಾತಿಯಲ್ಲಿ ಅನುಭವವೆಂದು ಪರಿಗಣಿಸುತ್ತಾರೆಯೇ? ನಮ್ಮಂಥವರ ಏಳಿಗೆಗಾಗಿ ವಿಶ್ವವಿದ್ಯಾಲಯ ಏನಾದರೂ ಮಾಡಲೇಬೇಕೆಂಬ ನಿಯಮವಿದೆಯೇ?

ಉತ್ತರ: ಹುಬ್ಬಳ್ಳಿ-ಧಾರವಾಡದಿಂದಲೂ ಗದಗ, ಹಾವೇರಿಗಳಿಂದಲೂ ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ನಾಲ್ಕು ವರ್ಷಗಳೂ ಪೂರ್ತಿಯಾಗಿ ಲೆಕ್ಕಕ್ಕೆ ಬರುವುದಿಲ್ಲ, ಒಂದು ಭಾಗ ಮಾತ್ರ ಬರುತ್ತದೆ. ಪಿಎಚ್‌.ಡಿ. ಪಡೆಯಲು ತೆಗೆದುಕೊಂಡ ಅವಧಿಯನ್ನು ಬೋಧನಾ ಹುದ್ದೆಗೆ ಬೇಕಾದ ಅನುಭವವೆಂದು ಪರಿಗಣಿಸಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಯಾವ ರಜೆಯನ್ನೂ ಪಡೆಯದೆ ಪಾಠ ಹೇಳುತ್ತಲೇ ಸಂಶೋಧನೆ ಮಾಡಿದವರಿಗೆ ಮಾತ್ರ ಇದರಲ್ಲಿ ವಿನಾಯಿತಿಯಿದೆ.

ಪದವಿ ಬಂದ ನಂತರದ ವರ್ಷಗಳ ಮಾತು ಬೇರೆ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯುವವರ ಪಟ್ಟಿ ಸಿದ್ಧಪಡಿಸುವಾಗ, ಅದೇ ನಿಯಮಾವಳಿಯ ಪ್ರಕಾರ, ಬೋಧನೆ ಅಥವಾ ಪಿಎಚ್‌.ಡಿ.ಯ ನಂತರದ ಸಂಶೋಧನೆಯ ಪ್ರತಿ ವರ್ಷಕ್ಕೆ 2 ಅಂಕಗಳಂತೆ ಗರಿಷ್ಠ 10 ಅಂಕಗಳಿವೆ. ಪಿಎಚ್‌.ಡಿ.ಗೆ 30 ಅಂಕ, ಕೆ-ಸೆಟ್‌ನಂಥ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಗೆ 3 ಅಂಕ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಅನುಭವದ ಬೆಲೆ ತಿಳಿಯುತ್ತದೆ. ಈ ಅಂಕಗಳು ಸಂದರ್ಶನದ ಬಾಗಿಲವರೆಗೆ ಮಾತ್ರ ನಿಮ್ಮ ಜೊತೆ ಬರುತ್ತವೆ. ಆಯ್ಕೆ ನಡೆಯುವುದು ಸಂದರ್ಶನದ ಮೇಲೆ.

ಹೆಚ್ಚಿನವರು ಎಡವುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಸಹ ಪ್ರಾಧ್ಯಾಪಕ ಹುದ್ದೆಗೆ ಎಂಟು ವರ್ಷಗಳ ಅನುಭವ ಬೇಕು, ಅದೂ ಸಹಾಯಕ ಪ್ರಾಧ್ಯಾಪಕರಿಗೆ ಸಮಾನವಾದ ಹುದ್ದೆಯಲ್ಲಿ. ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆಯನ್ನು ಹಿಂದಿನ ಸೇವೆಯೆಂದು ಸೇರಿಸಿಕೊಳ್ಳಬೇಕಾದರೆ ನಿಗದಿತ ವಿದ್ಯಾರ್ಹತೆ ಇರಬೇಕು, ಕ್ರಮಬದ್ಧ ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ನೇಮಕವಾಗಿರಬೇಕು, ಪಡೆದ ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಸಂಬಳಕ್ಕಿಂತ ಕಡಿಮೆಯಿರಬಾರದು. 2023ರಲ್ಲಿ ಪರಿಷ್ಕರಿಸಿದ ಕೇಂದ್ರದ ದರಗಳಂತೆ ರಿಸರ್ಚ್ ಅಸೋಸಿಯೇಟ್ ಮೊದಲ ಹಂತಕ್ಕೆ ತಿಂಗಳಿಗೆ 58,000 ರೂಪಾಯಿ. ಏಳನೇ ವೇತನ ಆಯೋಗದಂತೆ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700. ಎರಡನ್ನೂ ನೋಡಿ ‘ನನ್ನದೇ ಮುನ್ನೂರು ರೂಪಾಯಿ ಹೆಚ್ಚು’ ಎಂದು ಸಮಾಧಾನಪಟ್ಟುಕೊಂಡವರನ್ನು ನಾನು ಬಲ್ಲೆ. ಸಹಾಯಕ ಪ್ರಾಧ್ಯಾಪಕರ ಮೂಲ ವೇತನಕ್ಕೆ ತುಟ್ಟಿಭತ್ಯೆ ಸೇರುತ್ತದೆ, ನಿಮ್ಮ 58,000ಕ್ಕೆ ಸೇರುವುದು ಮನೆ ಬಾಡಿಗೆ ಭತ್ಯೆ ಮಾತ್ರ. ಆ ಭತ್ಯೆಯೂ ಊರಿನ ವರ್ಗವನ್ನು ಅವಲಂಬಿಸಿದ್ದು, ಹುಬ್ಬಳ್ಳಿ-ಧಾರವಾಡ ವೈ ವರ್ಗದಲ್ಲಿದ್ದರೆ ಗದಗ ಮತ್ತು ಹಾವೇರಿಗಳು ಅದರ ಕೆಳಗಿನ ಜಡ್ ವರ್ಗದಲ್ಲಿವೆ. ಹೀಗಾಗಿ ಒಟ್ಟು ಮೊತ್ತದ ಷರತ್ತಿನಲ್ಲಿಯೇ ಪ್ರಾಜೆಕ್ಟ್ ಸೇವೆ ಸೋತುಹೋಗುತ್ತದೆ.

ಇನ್ನು ಎರಡನೆಯ ಪ್ರಶ್ನೆ. ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಯುಜಿಸಿಯ 2022ರ ನಿಯಮಾವಳಿಯಲ್ಲಿ ಒಂದಿಷ್ಟು ಆಸರೆಯಿದೆ: ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯ ವರದಿ ಒಪ್ಪಿಸಬೇಕು, ಬೋಧನೆ ಮತ್ತು ಬರವಣಿಗೆಯ ತರಬೇತಿ ಪಡೆಯಬೇಕು, ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್ ಅಥವಾ ಪ್ರಯೋಗಾಲಯದ ಹೊಣೆಯನ್ನೂ ವಹಿಸಬಹುದು. ಪದವಿ ಕೈಗೆ ಬಂದ ದಿನವೇ ಈ ಆಸರೆ ತಪ್ಪುತ್ತದೆ. ಅಲ್ಲಿಂದಾಚೆಗೆ ನೀವು ವಿದ್ಯಾರ್ಥಿಯೂ ಅಲ್ಲ, ಅಧ್ಯಾಪಕರೂ ಅಲ್ಲ. ನಿಮ್ಮ ಬೆಳವಣಿಗೆ ಬಹುಮಟ್ಟಿಗೆ ಯೋಜನೆಯ ಮುಖ್ಯಸ್ಥರ ಒಳ್ಳೆಯತನಕ್ಕೆ ಬಿಟ್ಟ ವಿಷಯ.

ಮೌಲ್ಯಮಾಪನದ ಕಥೆಯೂ ಹೀಗೆಯೇ ಇದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್, ವಿಶ್ವವಿದ್ಯಾಲಯಗಳಿಗೆ ರೂಪಿಸಿದ ಕೈಪಿಡಿಯ ಮೂರನೆಯ ಮಾನದಂಡದಲ್ಲಿ ಕಿರಿಯ ಮತ್ತು ಹಿರಿಯ ಸಂಶೋಧನಾ ಫೆಲೋಗಳು (ಜೆಆರ್‌ಎಫ್, ಎಸ್‌ಆರ್‌ಎಫ್), ರಿಸರ್ಚ್ ಅಸೋಸಿಯೇಟ್ ಮುಂತಾದವರು ಐದು ವರ್ಷಗಳಲ್ಲಿ ಎಷ್ಟು ಮಂದಿ ಇದ್ದರು ಎಂದು ಕೇಳುವ ಅಂಕಣವಿತ್ತು. ಆ ಅಂಕಣ ತುಂಬಲು ಮಾತ್ರ ನೀವು ಬೇಕಿತ್ತು, ಅವರೆಲ್ಲ ಆಮೇಲೆ ಎಲ್ಲಿಗೆ ಹೋದರು ಎಂಬುದನ್ನು ಅದು ಕೇಳುತ್ತಿರಲಿಲ್ಲ. ವಿಶ್ವವಿದ್ಯಾಲಯಗಳಿಗೆ ಶ್ರೇಯಾಂಕ ಕೊಡುವ ಕೇಂದ್ರದ ಎನ್‌ಐಆರ್‌ಎಫ್ ಕೂಡ ಪಿಎಚ್‌.ಡಿ. ಪಡೆದವರ ಸಂಖ್ಯೆಯನ್ನು ಎಣಿಸುತ್ತದೆ. ತಲೆ ಎಣಿಸುವುದನ್ನೇ ಬೆಂಬಲವೆಂದು ತಿಳಿಯುವ ಅಭ್ಯಾಸ ನಮ್ಮಲ್ಲಿ ಆಳವಾಗಿ ಬೇರೂರಿದೆ.

ಬ್ರಿಟನ್ನಿನಲ್ಲಿ ಇದೇ ಗುತ್ತಿಗೆ ಸಂಶೋಧಕರ ಸಮಸ್ಯೆಗೆ 2008ರಲ್ಲಿ ಒಂದು ಒಡಂಬಡಿಕೆ ರೂಪಿಸಿ, 2019ರಲ್ಲಿ ಅದನ್ನು ಪರಿಷ್ಕರಿಸಿದರು. ಸಹಿ ಹಾಕಿದ ವಿಶ್ವವಿದ್ಯಾಲಯ ಪ್ರತಿ ಸಂಶೋಧಕರಿಗೂ ವರ್ಷಕ್ಕೆ ಕನಿಷ್ಠ 10 ದಿನಗಳನ್ನು ವೃತ್ತಿ ಬೆಳವಣಿಗೆಗೆಂದೇ ಬಿಟ್ಟುಕೊಡಬೇಕು, ಕ್ರಿಯಾಯೋಜನೆ ಪ್ರಕಟಿಸಬೇಕು, ಪ್ರತಿ ವರ್ಷ ಆಡಳಿತ ಮಂಡಳಿಗೆ ವರದಿ ಒಪ್ಪಿಸಬೇಕು. ಅಲ್ಲಿಯೂ ಹುದ್ದೆಗಳ ಕೊರತೆ ನೀಗಿಲ್ಲ. ಆದರೆ ಹೊಣೆ ಯಾರದೆಂಬುದು ಕಾಗದದ ಮೇಲೆ ಇದೆ.

ಇಲ್ಲಿ ಕಾಗದವನ್ನು ನೀವೇ ಹುಟ್ಟಿಸಿಕೊಳ್ಳಬೇಕು. ನಾನು ಯೋಜನೆಯೊಂದನ್ನು ಬಿಟ್ಟಾಗ ಕೈಗೆ ಬಂದ ಪ್ರಮಾಣಪತ್ರದಲ್ಲಿ ಇದ್ದದ್ದು ಒಂದೇ ಸಾಲು: ‘ಸದರಿಯವರು ತೃಪ್ತಿಕರವಾಗಿ ಕಾರ್ಯ ನಿರ್ವಹಿಸಿರುತ್ತಾರೆ.’ ಯಾವ ಹುದ್ದೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಸಂಬಳ, ಯಾವ ಆಯ್ಕೆ ಸಮಿತಿ, ಒಂದೂ ಇರಲಿಲ್ಲ. ಅದನ್ನು ತಿದ್ದಿಸಲು ಹೋದಾಗ ಯೋಜನೆಯ ಮುಖ್ಯಸ್ಥರು ನಿವೃತ್ತರಾಗಿದ್ದರು, ಕಡತ ಲೆಕ್ಕಪತ್ರ ವಿಭಾಗದಲ್ಲಿತ್ತು, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಟ್ಟಿಲ್ಲ.

ಆದ್ದರಿಂದ ಮಾರ್ಚ್‌ವರೆಗೆ ಕಾಯಬೇಡಿ. ಯೋಜನೆಯ ಕೊನೆಯಲ್ಲಿ ಎಲ್ಲರ ಗಮನವೂ ಹಣ ಬಳಕೆ ಪ್ರಮಾಣಪತ್ರದ ಮೇಲಿರುತ್ತದೆ, ನಿಮ್ಮ ಅರ್ಜಿ ಆ ರಾಶಿಯ ಅಡಿಗೆ ಸೇರುತ್ತದೆ. ಪಿಎಚ್‌.ಡಿ. ಅಧಿಸೂಚನೆಯ ದಿನಾಂಕಕ್ಕೆ ಮುಂಚಿನ ಮತ್ತು ನಂತರದ ಅವಧಿಗಳನ್ನು ಪ್ರತ್ಯೇಕವಾಗಿ ನಮೂದಿಸಿದ ಪ್ರಮಾಣಪತ್ರವನ್ನು ಈಗಲೇ ಕೇಳಿ, ಅದರಲ್ಲಿ ಮಾಸಿಕ ಸಂಬಳ, ಜಾಹೀರಾತಿನ ಸಂಖ್ಯೆ ಮತ್ತು ಆಯ್ಕೆ ಸಮಿತಿಯ ಸಭೆಯ ದಿನಾಂಕ ಇರಲಿ. ಮುಖ್ಯಸ್ಥರ ಸಹಿಯ ಜೊತೆ ಕುಲಸಚಿವರ ಮೊಹರನ್ನೂ ಹಾಕಿಸಿಕೊಳ್ಳಿ. ನೇಮಕಾತಿ ಆದೇಶದ ಮೂಲ ಪ್ರತಿ ಮನೆಯಲ್ಲಿರಲಿ.